ಎಡೆಗಿಂತ ಮೊದಲು

ನೀಲಾಬಾಯಿಯ ಅಡುಗೆಮನೆಯಲ್ಲಿ ಕಾನೂನು ಒಂದೇ. ಒಲೆಯ ಮೇಲಿಂದ ಇಳಿದದ್ದು ಮೊದಲು ಜಗಲಿಯ ಮೇಲಿನ ದೇವರಿಗೆ, ಆಮೇಲೆ ಮನುಷ್ಯರಿಗೆ. ಎಡೆ ಹಿಡಿಯುವ ಮುಂಚೆ ಸಾರಿಗೆ ಉಪ್ಪು ಸರಿಯಾಯಿತೇ ಎಂದು ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಗಂಡ ಈರಪ್ಪ ನಲವತ್ತೈದು ವರ್ಷದಿಂದ ಸಪ್ಪೆ ಸಾರನ್ನೂ ಉಪ್ಪು ಸಾರನ್ನೂ ಈ ಕಾನೂನಿಗೆ ತಲೆಬಾಗಿ ಸುಮ್ಮನೆ ಉಂಡುಕೊಂಡು ಬಂದಿದ್ದ. ಮೊಮ್ಮಕ್ಕಳು ಒಮ್ಮೆ ಹೂರಣದ ಪಾತ್ರೆಗೆ ಬೆರಳು ಹಾಕಿ ಸೌಟಿನ ಏಟು ತಿಂದದ್ದು ಇಳಕಲ್ಲಿನ ಆ ಓಣಿಗೆಲ್ಲ ಗೊತ್ತಿತ್ತು.

ಅಂಥ ನೀಲಾಬಾಯಿಯೇ ಈ ವರ್ಷ ಕಾರಹುಣ್ಣಿಮೆಯ ಮರುವಾರ ಆ ಕಾನೂನನ್ನು ಮುರಿದಳು. ಮುರಿದದ್ದು ತನ್ನದೇ ಅಡುಗೆಮನೆಯಲ್ಲಿ, ಅತ್ತಿತ್ತ ನೋಡಿಕೊಂಡು, ಕಳ್ಳಿಯ ಹಾಗೆ.

ಕಾರಣ ಮಗಳು ಶೈಲಾ. ಆ ದಿನ ಸಂಜೆ ಅವಳು ಬಾಗಲಕೋಟೆಯ ಬಸ್ಸಿನಿಂದ ಇಳಿದು, ಬಿಳಿ ಸೀರೆ ಉಟ್ಟು, ಒಂದು ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಯವ್ವಾ, ಬಿಟ್ಟ ಬಂದೆ. ಇರಲೇನು?" ಎಂದಳು. ನೀಲಾಬಾಯಿ ಚೀಲ ಕಸಿದುಕೊಂಡು ಒಳಗೆ ನಡೆದಳು, ಅದೇ ಉತ್ತರ.

ಆರು ವರ್ಷದ ಹಿಂದೆ ಶೈಲಾಳ ಗಂಡ ಅಮೀನಗಡದ ರಸ್ತೆಯಲ್ಲಿ ಲಾರಿಗೆ ಸಿಕ್ಕು ತೀರಿಹೋದ. ಅವಳು ತವರಿಗೆ ಬಂದು ಅನ್ನ ಬಿಟ್ಟು ಗೋಡೆ ನೋಡುತ್ತ ಕೂತಳು. ಮನೆಯವರು ಅತ್ತರು, ಬೈದರು, ಹರಕೆ ಹೊತ್ತರು. ಒಂದು ತುತ್ತು ಉಣ್ಣಿಸಲು ಯಾರಿಂದಲೂ ಆಗಲಿಲ್ಲ. ಉಣ್ಣಿಸಿದವಳು ಎಸ್ತೇರಕ್ಕ, ಕಡೇಕಹಳೆ ಮಂಡಳಿ ಎಂಬ ಕ್ರೈಸ್ತ ಸಭೆಯವಳು, ಆಗ ಸಭೆಯ ಕೆಲಸಕ್ಕೆಂದು ಇಳಕಲ್ಲಿನಲ್ಲೇ ಬಂದು ಉಳಿದಿದ್ದವಳು. ದಿನಾ ಬಂದು ಪಕ್ಕದಲ್ಲಿ ಕೂತು, ಉಪದೇಶ ಗಿಪದೇಶ ಏನೂ ಇಲ್ಲದೆ, ತುತ್ತು ಕಲಸಿ ಬಾಯಿಗಿಟ್ಟಳು. ಒಂದೂವರೆ ತಿಂಗಳಾದ ಮೇಲೆ ಶೈಲಾ ಕೊರಳ ಲಿಂಗವನ್ನು ಬಿಚ್ಚಿ ತಾಯಿಯ ಕೈಗೆ ಕೊಟ್ಟು ಅವಳ ಹಿಂದೆ ಹೋದಳು. ಆ ಲಿಂಗ ಇವತ್ತಿಗೂ ಜಗಲಿಯ ಮೇಲೆ ಒಂದು ಡಬ್ಬಿಯಲ್ಲಿದೆ.

ಬಾಗಲಕೋಟೆಯ ಹೊರಗೆ ತಗಡಿನ ಶೆಡ್ಡಿನಲ್ಲಿದ್ದ ಆ ಮಂಡಳಿಯನ್ನು ಹಳೆಯ ಚರ್ಚಿನವರೂ ದೂರವೇ ಇಟ್ಟಿದ್ದರು. ಅದರ ಹಿರಿಯನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಅವನ ಮಾತೇ ಅಲ್ಲಿ ವೇದ. ಬಿಳಿ ಬಿಟ್ಟು ಬೇರೆ ಉಡಬಾರದು, ಗುಳಿಗೆ ನುಂಗಬಾರದು, ಹೊರಗಿನವರ ಮನೆಯಲ್ಲಿ ನೀರೂ ಕುಡಿಯಬಾರದು. ಮಂಡಳಿ ಸೇರಿದ ಮರುವರ್ಷ ಶೈಲಾ ನಾಗರಪಂಚಮಿಗೆಂದು ತವರಿಗೆ ಬಂದಿದ್ದಳು. ನೀಲಾಬಾಯಿ ಐದು ಬಗೆಯ ಉಂಡಿ ಕಟ್ಟಿ ತಾಟು ತುಂಬಿ ಮುಂದಿಟ್ಟರೆ, "ಇದು ವಿಗ್ರಹಕ್ಕ ಎಡಿ ಹಿಡದದ್ದು. ನಾ ಮುಟ್ಟಾಂಗಿಲ್ಲ" ಎಂದು ಹಸಿದ ಹೊಟ್ಟೆಯಲ್ಲೇ ಸಂಜೆಯ ಬಸ್ಸು ಹತ್ತಿದಳು. ಪಂಚಮಿಗೆ ಬಂದ ಮಗಳು ಉಂಡಿ ತಿನ್ನದೆ ಹೋದದ್ದು ನೀಲಾಬಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿದುಬಿಟ್ಟಿತು.

ಅದಕ್ಕೇ ಈ ಸಲ, ಮಗಳು ಬಂದ ಮೊದಲ ರಾತ್ರಿ, ಕಡಲೆಹಿಟ್ಟಿನ ಝುಣಕ ಇಳಿಸಿದ ಕೂಡಲೇ ನೀಲಾಬಾಯಿ ಒಂದು ಬಟ್ಟಲಿಗೆ ಎರಡು ಸೌಟು ತೆಗೆದು ತಟ್ಟೆ ಮುಚ್ಚಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಆಮೇಲೆ ದೇವರಿಗೆ ಎಡೆ ಹಿಡಿದಳು. "ತಪ್ಪಾತಪ್ಪೋ. ಆದ್ರ ಆಕಿ ಮತ್ತ ಉಪಾಸ ಎದ್ದ ಹೋದ್ರ ನಾ ತಡಕೊಳ್ಳಾಂಗಿಲ್ಲ" ಎಂದು ಜಗಲಿಯ ಮುಂದೆ ಪಿಸುಗುಟ್ಟಿದಳು.

ಶೈಲಾ ತಾಟಿನ ಮುಂದೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಪ್ರಾರ್ಥನೆ ಎಂದುಕೊಂಡು ನೀಲಾಬಾಯಿ ಸೌಟು ಹಿಡಿದು ಕಾದಳು. ಆಮೇಲೆ ಶೈಲಾ ರೊಟ್ಟಿ ಮುರಿದು ಉಂಡಳು, ಎರಡನೆಯ ರೊಟ್ಟಿಯನ್ನೂ ಹಾಕಿಸಿಕೊಂಡಳು. ನೀಲಾಬಾಯಿ ಒಲೆಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಿನಿಂದ ಎರಡೂ ಹೊತ್ತು ಬಟ್ಟಲು ಹಿಟ್ಟಿನ ಡಬ್ಬಿಯ ಹಿಂದೆ ಹೋಗತೊಡಗಿತು.

ಈರಪ್ಪ ಕೈಯಿಂದ ನೇಯುವ ಕುಣಿಮಗ್ಗದ ಮೇಲೆ ಇನ್ನೂ ಕೂಡುವವನು. ಹೊರಗಿನ ಶೆಡ್ಡಿನಲ್ಲಿ ಮಗ ಶ್ರೀಶೈಲನ ಎರಡು ಪಾವರಲೂಮ್ ದಡಬಡ ಎನ್ನುತ್ತಿದ್ದರೂ, ಪಡಸಾಲೆಯ ಪಕ್ಕದ ಕೋಣೆಯಲ್ಲಿ ಅವನ ಮಗ್ಗ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಶೈಲಾ ಮರುದಿನವೇ ರಾಟೆಯ ಮುಂದೆ ಕೂತು ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತತೊಡಗಿದಳು. ಐದನೆಯ ದಿನ ಈರಪ್ಪ ಮಗ್ಗದಿಂದ ಇಳಿಸಿದ ಒಂದು ಸೀರೆಯನ್ನು, ದಾಳಿಂಬೆ ಬಣ್ಣದ್ದು, ಅವಳ ತೊಡೆಯ ಮೇಲಿಟ್ಟ.

"ಬಣ್ಣದ್ದು ಉಟ್ರ ನಿಮ್ಮ ದೇವ್ರು ಸಿಟ್ಟ ಆಗಾಂಗಿಲ್ಲಲ್ಲವಾ?"

ಶೈಲಾ ಸೀರೆಯ ಸೆರಗು ಸವರಿದಳು. "ಅವ ಆಗಾಂಗಿಲ್ಲಪ್ಪ. ದೊಡ್ಡಣ್ಣ ಆಗತಿದ್ದ."

"ಹಂಗಂದ್ರ ಉಡು."

ಉಟ್ಟಳು. ನೀಲಾಬಾಯಿ ನೋಡಿದಳು, ಇನ್ನೇನು, ಮಗಳು ಪೂರ್ತಿ ತನ್ನವಳಾದಳು ಎಂದುಕೊಂಡಳು. ತಾಯಂದಿರ ಅವಸರ ಕೇಳಬೇಕೇ.

ಮಂಡಳಿ ಯಾಕೆ ಬಿಟ್ಟಳೆಂಬುದು ಕಂಡಿಕೆ ಸುತ್ತುತ್ತ ಸುತ್ತುತ್ತ ತುಣುಕು ತುಣುಕಾಗಿ ಹೊರಬಂತು. ಅಲ್ಲಿ ಬೇವೂರಿನ ಕಡೆಯ ಹಣಮವ್ವ ಎಂಬ ಮುದುಕಿ ಇದ್ದಳು. ಸಕ್ಕರೆ ಕಾಯಿಲೆ. ನಂಬಿಕೆ ಇದ್ದರೆ ಗುಳಿಗೆ ಯಾಕೆ ಎಂದು ದೊಡ್ಡಣ್ಣ ಅವಳ ಗುಳಿಗೆ ಬಿಡಿಸಿದ. ಮುದುಕಿಯ ಕಾಲು ಬಾತುಕೊಂಡಿತು, ಕಣ್ಣು ಮಂಜಾಯಿತು. ಅಡುಗೆಯ ಪಾಳಿಯಲ್ಲಿದ್ದ ಶೈಲಾ ದಿನಾ ರೊಟ್ಟಿಯ ತುತ್ತಿನಲ್ಲಿ ಗುಳಿಗೆ ಮುಚ್ಚಿ ಅವಳಿಗೆ ತಿನ್ನಿಸಿದಳು.

"ಸಿಕ್ಕಿಬಿದ್ದೆ. ಸಭಾದಾಗ ನಿಂತು ತಪ್ಪಾತು ಅನ್ನು ಅಂದ್ರು. ಒಂದ ಮಾತ ಅಂದಿದ್ರ ಮುಗೀತಿತ್ತು. ನನಗ ಅನ್ನಾಕ ಆಗಲಿಲ್ಲವ್ವ. ತಪ್ಪ ಅಂತ ಅನಸಲೇ ಇಲ್ಲ."

"ಮುದುಕಿ?"

"ಆಕಿ ಮಗ ಬಂದು ದವಾಖಾನಿಗೆ ಒಯ್ದ. ಆರಾಮ ಅದಾಳ. ಫೋನ್ ಹಚ್ಚತಾಳ."

ನೀಲಾಬಾಯಿ ಹಿಟ್ಟಿನ ಡಬ್ಬಿಯ ಹಿಂದಿನ ಬಟ್ಟಲನ್ನು ನೆನೆಸಿಕೊಂಡು, ಎದ್ದು ಒಲೆಯ ಕಡೆ ಹೋದಳು.

ಜಗಳ ಶುರುವಾದದ್ದು ಆಷಾಢದಲ್ಲಿ, ಊಟದ ಹೊತ್ತಿಗೆ. ಶೈಲಾ ಎಂದಿನಂತೆ ತಾಟಿನ ಮುಂದೆ ಕಣ್ಣು ಮುಚ್ಚಿದ್ದಳು. ಶ್ರೀಶೈಲ ಕೈಯಲ್ಲಿನ ರೊಟ್ಟಿ ಕೆಳಗಿಟ್ಟ.

"ಬಿಟ್ಟ ಬಂದೇನಿ ಅಂತೀ. ಮತ್ತ ಇದೇನು ದಿನಾ?"

"ಮಂಡಳಿ ಬಿಟ್ಟೇನಣ್ಣ. ಏಸುನ್ನ ಬಿಟ್ಟಿಲ್ಲ."

"ಎರಡೂ ಒಂದ ಅಲ್ಲೇನು?"

"ನಾನೂ ಆರು ವರ್ಷ ಒಂದ ಅಂತ ತಿಳಕೊಂಡಿದ್ದೆ."

"ಏನ ಮಾತಂತ ಆಡತಿ. ಆ ಮಂದಿ ನಿನ್ನ ಹಾಳ ಮಾಡಿದ್ರು, ಅವರ ದೇವ್ರು ಮಾತ್ರ ಬೇಕು?"

"ಹಾಳ ಮಾಡಿದವರು ಅವರು, ಅವ ಅಲ್ಲ."

"ರೊಟ್ಟಿ ಆರತಾವು. ಉಣ್ರಿ ಮೊದಲ" ಎಂದ ಈರಪ್ಪ. ಯಾರೂ ಕೇಳಲಿಲ್ಲ.

ಶ್ರೀಶೈಲ ಕೆಟ್ಟವನಲ್ಲ. ತಂಗಿ ಬಂದ ದಿನ ಅವಳಿಗೆಂದು ಹೊಸ ಚಾದರ ತಂದವನು ಅವನೇ. ಆದರೆ ಅವನ ಅಜ್ಜನ ಕಾಲದಿಂದ ಶ್ರಾವಣದ ಕಡೆಯ ಸೋಮವಾರ ಈ ಮನೆಯಲ್ಲಿ ಐದು ಮಂದಿ ಜಂಗಮ ಅಯ್ಯನವರ ಊಟ. ಯಜಮಾನನಾಗಿ ಅವರ ಪಾದ ತೊಳೆಯುವವನು ಈಗ ಶ್ರೀಶೈಲ. ಹಿರಿಯ ಅಯ್ಯನವರು ಬಜಾರಿನಲ್ಲಿ ಸಿಕ್ಕು, ತಂಗಿ ತಿರುಗಿ ಲಿಂಗ ಕಟ್ಟಿಸಿಕೊಂಡಳೇ ಎಂದು ಕೇಳಿದ್ದರಂತೆ.

"ಸಂಗಮದ ಮಠಕ್ಕ ಹೋಗಿ, ಹಿರ್ಯಾರ ಮುಂದ ನಿಂತು, ಆ ಹಾದಿ ಬಿಟ್ಟೆ ಅಂತ ಒಂದ ಮಾತ ಹೇಳಿ, ಲಿಂಗಾ ಕಟ್ಟಿಸಿಕೊಂಡ ಬರ್ಲಿ. ಕಡೀ ಸೋಮವಾರದೊಳಗ ಆಗಬೇಕು" ಎಂದ ಅವ್ವನಿಗೆ. "ಇಲ್ಲಂದ್ರ ಆಕಿ ತನ್ನ ಹಾದಿ ತಾ ನೋಡಿಕೊಳ್ಳಲಿ. ನಾ ಮಂದಿಗೆ ಉತ್ತರ ಕೊಟ್ಟ ಸಾಕಾಗೇನಿ."

ನೀಲಾಬಾಯಿಗೂ ಒಳಗೊಳಗೇ ಬೇಕಾದದ್ದು ಅದೇ. ಡಬ್ಬಿಯಲ್ಲಿನ ಲಿಂಗ ಮಗಳ ಎದೆಯ ಮೇಲೆ ಬರಲಿ ಎಂದು ಅವಳು ಬೇಡಿಕೊಳ್ಳದ ದಿನವಿರಲಿಲ್ಲ. ಆ ರಾತ್ರಿ ಮಗಳ ಪಕ್ಕದಲ್ಲಿ ಹಾಸಿಗೆ ಹಾಸಿಕೊಂಡು, "ಒಂದ ಸಲ ಹೋಗಿ ಬಂದಬಿಡ ನನ್ನವ್ವಾ" ಎಂದಳು. ಶೈಲಾ ತಾಯಿಯ ಕೈ ಹಿಡಿದುಕೊಂಡಳು.

ಇದರ ಮಧ್ಯೆ ಎಸ್ತೇರಕ್ಕ ಬಂದಳು. ಬಿಳಿ ಸೀರೆ, ಬರಿಗೊರಳು, ಬಿಸಿಲಿಗೆ ಬಾಡಿದ ಮುಖ. ನೀಲಾಬಾಯಿಗೆ ಅವಳನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ. ತಾನು ಹೆತ್ತ ಮಗಳಿಗೆ ತನ್ನ ಕೈಯಿಂದ ಉಣ್ಣಿಸಲಾಗಲಿಲ್ಲ, ಇವಳು ಉಣ್ಣಿಸಿದಳು. ಆದರೂ ಬಾಗಿಲಿಗೆ ಬಂದವಳು. ಚಹಾ ಮಾಡಿ ತಂದಿಟ್ಟಳು.

"ಬಾರವಾ ಶೈಲಾ" ಎಂದು ಎಸ್ತೇರಕ್ಕ ಅಳುತ್ತಲೇ ಹೇಳಿದಳು. "ದೊಡ್ಡಣ್ಣ ಮನ್ನಾ ಮಾಡ್ತೇನಿ ಅಂದಾರ. ಐತವಾರ ಸಭಾದಾಗ ನಿಂತು ಒಂದ ಮಾತ ಹೇಳಿದ್ರ ಆತು."

"ಎಸ್ತೇರಕ್ಕ, ನೀ ಮೊದಲ ಚಾ ಕುಡಿ. ಬಿಸಲಾಗ ಬಂದಿ."

ಎಸ್ತೇರಕ್ಕ ಲೋಟದ ಕಡೆ ನೋಡಿದಳು, ಕೈ ಸೆರಗಿನಲ್ಲೇ ಉಳಿಯಿತು. ಚಹಾದ ಮೇಲೆ ಕೆನೆ ಕಟ್ಟಿತು. ಗಂಟಲು ಒಣಗಿ ಅವಳು ಎರಡು ಸಲ ಕೆಮ್ಮಿದಳು, ಆದರೂ ಮುಟ್ಟಲಿಲ್ಲ. ಶೈಲಾ ಅದನ್ನೇ ನೋಡುತ್ತ ಕೂತಳು.

"ನಾ ಬರಾಂಗಿಲ್ಲಕ್ಕ" ಎಂದಳು ಕೊನೆಗೆ. "ನೀ ನನ್ನ ಬದುಕಿಸಿದಿ. ಅದನ್ನ ಸಾಯೂತನಕ ಮರಿಯಾಂಗಿಲ್ಲ. ಆದ್ರ ಬರಾಂಗಿಲ್ಲ."

ಅವಳು ಹೋದ ಮೇಲೆ ನೀಲಾಬಾಯಿ ಆರಿದ ಚಹಾ ಚೆಲ್ಲಲು ಎದ್ದಳು. ಶೈಲಾ ಹಿಂದಿನಿಂದ ಮಾತಾಡಿದಳು.

"ಯವ್ವ, ಅಲ್ಲಿ ನಿಂತ ಹೇಳು ಅಂತಾರ, ಇಲ್ಲಿ ನೀವೂ ನಿಂತ ಹೇಳು ಅಂತೀರಿ. ನನಗ ಹೇಳೂದ ಬ್ಯಾಡ ಆಗೇತಿ. ಯಾವ್ದು ದೇವ್ರ ಮಾತು, ಯಾವ್ದು ಮಂದಿ ಮಾತು ಅಂತ ನಾ ಈಗ ಒಂದೊಂದ ಆರಿಸಿ ನೋಡಾಕತ್ತೇನಿ. ವ್ಯಾಳೆ ಹಿಡಿತೈತಿ."

"ನಿಮ್ಮಣ್ಣ ಕೇಳಾಂಗಿಲ್ಲ."

"ಗೊತ್ತೈತಿ. ಹುನಗುಂದದಾಗ ಹೆಣ್ಣಮಕ್ಕಳ ಹಾಸ್ಟೆಲ್ಲಿಗೆ ಅಡಗಿಯಾಕಿ ಬೇಕಂತ. ಮಾತಾಡೇನಿ. ಕಡೀ ಸೋಮವಾರಕಿಂತ ಮೊದಲ ಹೋಗ್ತೇನಿ. ನಿಮಗ ತ್ರಾಸ ಬ್ಯಾಡ."

ನೀಲಾಬಾಯಿ ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟಳು. ಹುನಗುಂದ ಏನು, ಬಸ್ಸಿಗೆ ಕೂತರೆ ಹತ್ತಿರದ ದಾರಿ. ಆದರೆ ಆರು ವರ್ಷ ಬಾಗಲಕೋಟೆಯೂ ಹತ್ತಿರವೇ ಇತ್ತು.

ಪಂಚಮಿ ಬಂತು. ನೀಲಾಬಾಯಿ ನಸುಕಿನಲ್ಲೇ ಎದ್ದು ಉಂಡಿ ಕಟ್ಟಿದಳು: ಶೇಂಗಾದ್ದು, ಎಳ್ಳಿನದು, ಮಗಳಿಗೆ ಸೇರುವ ಬೇಸನ್ನಿನದು. ಬಗೆಗೆ ಎರಡರಂತೆ ಬಟ್ಟಲಿಗೆ ಎತ್ತಿಟ್ಟು ತಟ್ಟೆ ಮುಚ್ಚುವಷ್ಟರಲ್ಲಿ ಹಿಂದೆ ಸೊಸೆ ಕಸ್ತೂರಿ ನಿಂತಿದ್ದಳು, ನಾಗಪ್ಪನಿಗೆ ಎರೆಯುವ ಹಾಲಿನ ಗಿಂಡಿ ಕೈಯಲ್ಲಿ.

"ಅತ್ತಿ, ಇದೇನಿದು?"

"ಏನಿಲ್ಲ."

"ಏನಿಲ್ಲ ಅಂದ್ರ? ನಾಗಪ್ಪಗ ಇನ್ನಾ ಎಡಿ ಆಗಿಲ್ಲ. ಯಾರಿಗಿ ಎತ್ತಿಟ್ರಿ?"

ನೀಲಾಬಾಯಿಯ ಮುಖ ಸಣ್ಣದಾಯಿತು. ಕಸ್ತೂರಿ ತಟ್ಟೆ ಸರಿಸಿ ನೋಡಿದಳು, ತಿಳಿಯಿತು. ಮನೆಯೆಲ್ಲ ಕೇಳುವ ಹಾಗೆ ದನಿ ಎತ್ತಿದಳು.

"ಹೂರಣಕ್ಕ ಬೆರಳ ಹಚ್ಚಿದ್ದಕ್ಕ ನನ್ನ ಮಕ್ಕಳಿಗೆ ಸೌಟ ತಗೊಂಡ ಬಡಿದ್ರಿ. ಈಗ ನಿಮ್ಮ ಮಗಳಿಗೆ ದೇವ್ರಕಿಂತ ಮೊದಲ? ನಾಗಪ್ಪನ ಸಿಟ್ಟ ಅಂದ್ರ ಏನಂತ ಗೊತ್ತಿಲ್ಲೇನ್ರಿ? ನನ್ನ ಮಕ್ಕಳ ಕತ್ತಲ್ದಾಗ ಅಂಗಳದಾಗ ತಿರಗ್ಯಾಡತಾವ."

ಈರಪ್ಪ ಮಗ್ಗ ಬಿಟ್ಟು ಬಂದ. ಶ್ರೀಶೈಲ ಹಲ್ಲುಜ್ಜುತ್ತಿದ್ದವನು ಹಾಗೇ ಬಂದ. ಶೈಲಾ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟ ದಿನದಿಂದ ನಡದೈತಿ ಇದು?" ಎಂದ ಶ್ರೀಶೈಲ.

"ಆಕಿ ಬಂದ ದಿನದಿಂದ" ಎಂದಳು ನೀಲಾಬಾಯಿ ನೆಲ ನೋಡುತ್ತ. "ಎಡೀದು ಆಕಿ ಉಣ್ಣಾಂಗಿಲ್ಲಲ್ಲಪ್ಪ. ಆಗಿನ ಪಂಚಮಿಗೆ ಉಪಾಸ ಹೋದ್ಲು. ನಾ ಏನ ಮಾಡ್ಲಿ?"

"ಯವ್ವ" ಎಂದಳು ಶೈಲಾ. "ನಾ ಎಡೀದು ಅಂತ ತಿಳದ ಉಣ್ಣಾಕತ್ತಿದ್ದೆನಲ್ಲ."

ಎಲ್ಲರೂ ಅವಳ ಕಡೆ ತಿರುಗಿದರು.

"ಬಂದ ದಿನ ತಾಟಿನ ಮುಂದ ಎಷ್ಟೊತ್ತ ಕುಂತಿದ್ದೆ, ನೆನಪೈತಿಲ್ಲ? ಅವತ್ತ ವಿಚಾರ ಮಾಡಿದೆ. ನಮ್ಮವ್ವ ತನ್ನ ದೇವ್ರಿಗೆ ತೋರಿಸಿ ತಂದ ಅನ್ನ. ಅದನ್ನ ಉಂಡ್ರ ನನ್ನ ದೇವ್ರು ನನ್ನ ಬಿಟ್ಟ ಹೋಗಾಂವ ಇದ್ರ, ಅವ ದೊಡ್ಡಣ್ಣನಂಥಾಂವ ಆದಂಗ ಆತು. ಹಂಗಿಲ್ಲ ಅಂತ ಅನಿಸ್ತು. ಉಂಡೆ. ಯಾರನೂ ಕೇಳದ ನಾ ತೀರ್ಮಾನ ಮಾಡಿದ್ದು ಅದ ಮೊದಲನೇದು."

ನೀಲಾಬಾಯಿ ಬಟ್ಟಲನ್ನು ನೋಡಿದಳು, ಮಗಳನ್ನು ನೋಡಿದಳು.

"ಹಂಗಾರ ಇಷ್ಟ ದಿನ ನಾ ಸುಳ್ಳೇ ಪಾಪ ಕಟ್ಟಿಕೊಂಡೆನೇನ?"

ಮೊದಲು ನಕ್ಕವನು ಈರಪ್ಪ. ಹೊಟ್ಟೆ ಹಿಡಿದುಕೊಂಡು ನಕ್ಕ. ಶೈಲಾ ನಗುತ್ತ ಅಳುತ್ತ ತಾಯಿಯ ಕೊರಳಿಗೆ ಬಿದ್ದಳು. ಕಸ್ತೂರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ, ಬಟ್ಟಲಿನ ಉಂಡಿಗಳನ್ನು ಬೇರೆ ಇಟ್ಟು, ಹೊಸದಾಗಿ ಕಟ್ಟಲು ಕೂತಳು. ನಾಗಪ್ಪನಿಗೆ ಆ ವರ್ಷ ಹಾಲು ಬೀಳುವಾಗ ಹೊತ್ತು ಏರಿತ್ತು. ಅವತ್ತು ಶೈಲಾ ಎಡೆಯ ಉಂಡಿಯನ್ನೇ ಎಲ್ಲರ ಎದುರು ತಿಂದಳು.

ಶ್ರೀಶೈಲ ಮಾತ್ರ ನಗಲಿಲ್ಲ. "ಇಷ್ಟ ಮಾಡಿದಾಕಿ ಸಂಗಮಕ್ಕ ಹೋಗಾಕ ಏನ ಅಡ್ಡಿ?" ಎಂದ.

ಆ ಪ್ರಶ್ನೆ ನೀಲಾಬಾಯಿಯ ತಲೆಯಲ್ಲಿ ವಾರಗಟ್ಟಲೆ ತಿರುಗಿತು, ಆದರೆ ಬೇರೆ ಥರ. ತಾನು ಹೇಳಿಸದೆ, ಬೇಡದೆ, ಮಗಳು ತಾನಾಗಿ ಅರ್ಧ ದಾರಿ ಬಂದು ಕೂತಿದ್ದಳು, ತನಗೇ ತಿಳಿಯಲಿಲ್ಲ. ಇನ್ನು ಅವಳನ್ನು ಮಂದಿಯ ಮುಂದೆ ನಿಲ್ಲಿಸಿ ಏನು ಹೇಳಿಸುವುದು? ರೊಟ್ಟಿ ಬಡಿಯುವಾಗ ಇದೇ ವಿಚಾರ, ಹಾಸಿಗೆಗೆ ಬಿದ್ದಾಗಲೂ ಇದೇ.

ಕಡೆಯ ಸೋಮವಾರದ ಹಿಂದಿನ ದಿನ ಶೈಲಾ ಚೀಲ ತುಂಬಿದಳು. ನೀಲಾಬಾಯಿ ಚೀಲ ತೆಗೆದು ಅಟ್ಟಕ್ಕೆ ಹಾಕಿದಳು.

"ನಾಳೆ ಹೋಳಿಗಿ ಅದಾವು. ಕಣಕ ನಾದಾಕ ನನ್ನ ತೋಳಾಗ ಶಕ್ತಿ ಇಲ್ಲ. ನೀ ನಾದು."

"ಅಯ್ಯಾರ ಊಟಕ್ಕ? ಅಣ್ಣ ಸುಮ್ಮನಿರತಾನೇನು?"

"ಒಲಿ ನಂದು."

ಸೋಮವಾರ ಶೈಲಾ ಕಣಕ ನಾದಿದಳು. ಕಸ್ತೂರಿ ನೋಡಿಯೂ ನೋಡದ ಹಾಗೆ ಹೂರಣ ರುಬ್ಬಿದಳು. ನೀಲಾಬಾಯಿ ಎಡೆ ಹಿಡಿದಳು. ಹಿಟ್ಟಿನ ಡಬ್ಬಿಯ ಹಿಂದೆ ಅವತ್ತು ಏನೂ ಇರಲಿಲ್ಲ.

ಐದು ಮಂದಿ ಅಯ್ಯನವರು ಬಂದರು. ಶ್ರೀಶೈಲ ಪಾದ ತೊಳೆದ, ಈರಪ್ಪ ವಿಭೂತಿ ಕೊಟ್ಟ. ಪಡಸಾಲೆಯಲ್ಲಿ ಐದು ಎಲೆ ಬಿದ್ದವು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ, ಮೇಲೆ ತುಪ್ಪ. ಹಿರಿಯ ಅಯ್ಯನವರು ಎಲೆಗೆ ಕೈಯಿಡುವಾಗ ನೀಲಾಬಾಯಿ ಅಡುಗೆಮನೆಯಿಂದ ಹೊರಬಂದು ಎದುರಿಗೆ ನಿಂತಳು. ಆ ಮನೆಯ ಹೆಂಗಸು ಆ ಪಂಕ್ತಿಯ ಮುಂದೆ ಹಾಗೆ ನಿಂತದ್ದು ಅದೇ ಮೊದಲು.

"ಅಯ್ಯಾರ, ತುತ್ತ ಎತ್ತೂದಕಿಂತ ಮೊದಲ ಒಂದ ಮಾತ ಐತ್ರಿ."

"ಯವ್ವಾ" ಎಂದ ಶ್ರೀಶೈಲ ಹಲ್ಲು ಕಚ್ಚಿ.

"ಈ ಹೋಳಿಗಿ ಕಣಕ ನಾದಿದಾಕಿ ನನ್ನ ಮಗಳು ಶೈಲಾ. ಆ ಮಂಡಳಿ ಬಿಟ್ಟ ಬಂದಾಳ. ಆದ್ರ ಏಸುನ್ನ ನೆನಸ್ತಾಳ. ಬಿಡು ಅಂತ ಬೇಡಿಕೊಂಡಾಕಿ ನಾ. ಇನ್ನ ಮ್ಯಾಲ ಬೇಡಾಂಗಿಲ್ಲ. ಆಕಿ ಯಾವತ್ತೂ ನನಗ ಲಿಂಗಾ ಬಿಡು ಅಂದಿಲ್ಲ. ಪಂಚಮಿ ತನಕ ನಾ ದೇವ್ರಕಿಂತ ಮೊದಲ ಆಕಿಗೆ ಎತ್ತಿಟ್ಟೇನಿ, ಅದು ತಪ್ಪಾದ್ರ ನಂದು. ಆಕಿ ಈ ಮನ್ಯಾಗ ಇರತಾಳ. ನಿಮಗ ತಿಳೀಬೇಕಂತ ಹೇಳಿದೆ. ಈಗ ಉಣ್ಣೂದು ಬಿಡೂದು ನಿಮ್ಮ ಮನಸ್ಸಿಗಿ ಬಿಟ್ಟದ್ದು."

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಹಿರಿಯ ಅಯ್ಯನವರು ಎಲೆಯಿಂದ ಕೈ ಹಿಂದಕ್ಕೆ ತೆಗೆದರು. ಆಮೇಲೆ ಎದ್ದರು.

"ಹೇಳಿದ್ದು ಚಲೋ ಆತವ್ವ. ಸಿಟ್ಟಿಲ್ಲ. ಆದ್ರ ನನಗ ಇಲ್ಲಿ ಉಣ್ಣಾಕ ಆಗಾಂಗಿಲ್ಲ."

ಅವರ ಹಿಂದೆ ಇನ್ನೊಬ್ಬರು ಎದ್ದರು. ಶ್ರೀಶೈಲ ತಲೆ ತಗ್ಗಿಸಿ ಓಣಿಯ ತಿರುವಿನವರೆಗೆ ಅವರನ್ನು ಕಳಿಸಲು ಹೋದ. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಯ ಎಲೆಯವರು, ತೆಳ್ಳಗಿನ ಮುದುಕರು, "ಸಾರ ಆರಿ ಹೋಗತೈತಿ" ಎಂದು ಉಣ್ಣತೊಡಗಿದರು; ಅವರ ಹಿಂದೆ ಇಬ್ಬರೂ ಉಂಡರು. ತಿರುಗಿ ಬಂದ ಶ್ರೀಶೈಲ ಬಾಗಿಲಲ್ಲಿ ಕ್ಷಣ ನಿಂತ. ಅವ್ವನ ಕಡೆ ನೋಡಲಿಲ್ಲ. ತುಪ್ಪದ ಗಿಂಡಿ ಎತ್ತಿಕೊಂಡು ಆ ಮೂವರಿಗೆ ಬಡಿಸಿದ.

ಅವರೆಲ್ಲ ಹೋದ ಮೇಲೆ, ಗಂಡಸರ ಊಟ ಮುಗಿದ ಮೇಲೆ, ಪಡಸಾಲೆಯಲ್ಲಿ ಬಡಿಸಿದ ಎರಡು ಎಲೆ ಹಾಗೇ ಉಳಿದಿದ್ದವು. ಬಡಿಸಿದ ಅನ್ನ ಚೆಲ್ಲುವುದು ನೀಲಾಬಾಯಿಗೆ ಗೊತ್ತಿಲ್ಲ. ಹಿರಿಯ ಅಯ್ಯನವರ ಎಲೆಗೆ ಮಗಳನ್ನು ಕೂಡಿಸಿದಳು, ಪಕ್ಕದ್ದಕ್ಕೆ ತಾನು ಕೂತಳು.

"ನೀ ನಿಂತಿ" ಎಂದಳು ಶೈಲಾ. "ನಾ ನಿಲ್ಲಾಂಗಿಲ್ಲ ಅಂದಿದ್ದಕ್ಕ ನೀ ನಿಂತಿ."

"ಉಣ್ಣ ಸುಮ್ಮನ. ಕಾಲ ಇನ್ನಾ ನಡಗಾಕತ್ತಾವ."

ಶೈಲಾ ಕಣ್ಣು ಮುಚ್ಚಿದಳು. ನೀಲಾಬಾಯಿ ತುತ್ತು ಮುರಿದವಳು ಕೈ ತಡೆದಳು. ಎರಡು ತಿಂಗಳಲ್ಲಿ ಮಗಳ ಆ ಮುಚ್ಚಿದ ಕಣ್ಣು ಕಂಡಾಗೆಲ್ಲ ಅವಳು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಇವತ್ತು ನೋಡಿದಳು. ತುಟಿ ಅಲ್ಲಾಡುತ್ತಿದ್ದವು. ಚಿಕ್ಕಂದಿನ ಮುಖವೇ ಅದು.

"ಭಾಳ ಹೊತ್ತಾತಲ್ಲ" ಎಂದಳು ತಡೆಯಲಾರದೆ.

"ತಡಿ. ನಿನ್ನ ಹೆಸರಿಗೆ ಬಂದೀನಿ."

ನೀಲಾಬಾಯಿ ತುತ್ತು ಎಲೆಯ ಮೇಲಿಟ್ಟು, ಎದೆಯ ಮೇಲಿನ ಲಿಂಗವನ್ನು ಎಡಗೈಯಲ್ಲಿ ಹಿಡಿದುಕೊಂಡು ಕಾದಳು. ಅಷ್ಟರಲ್ಲಿ ಕಸ್ತೂರಿ ಹಂಚಿನಿಂದ ಆಗಷ್ಟೇ ಇಳಿಸಿದ ಒಂದೇ ಒಂದು ಹೋಳಿಗೆ ಹಿಡಿದು ಬಂದು ಇಬ್ಬರ ಮಧ್ಯೆ ನಿಂತಳು. ಮುಖದ ಮೇಲೆ ನಗೆ ಇರಲಿಲ್ಲ, ಕಣ್ಣಲ್ಲಿ ಇತ್ತು.

"ಕಡೀದು ಇದ. ಮೊದಲ ಯಾರಿಗಿ ಹಾಕ್ಲಿ, ಅತ್ತಿ?"

"ಆಕಿಗಿ ಹಾಕು" ಎಂದಳು ನೀಲಾಬಾಯಿ. "ರೂಢಿ ಆಗೇತಿ."